ಯಾರ ಆಸರೆಯೂ ಇಲ್ಲದೆ

ಏಳನೇ ಪುಸ್ತಕ ಅಚ್ಚಿಗೆ ಹೋಗೋದಕ್ಕೆ ಒಂದೇ ಒಂದು ಪುಟ ಬಾಕಿ ಇತ್ತು. ಆ ಪುಟವೇ ಲೇಖಕನ ಜೀವ ಹಿಂಡುತ್ತಿತ್ತು.

"ಆರು ಪುಸ್ತಕಕ್ಕೂ ಅದೇ ಪರಿಚಯ ಹಾಕಿ ಹಾಕಿ ಸವೆದುಹೋಯ್ತು ಸ್ವಾಮಿ," ಅಂತ ಪ್ರಕಾಶಕರು ಬೆಳಿಗ್ಗೆಯೇ ಫೋನಿನಲ್ಲಿ ಗೊಣಗಿದ್ದರು. "ನೀವು ಯಾರು, ಯಾಕೆ ಬರೀತೀರಿ, ಸ್ವಲ್ಪ ಮನಸ್ಸು ಬಿಚ್ಚಿ ಬರೀರಿ. ಸಂಜೆ ಐದಕ್ಕೆ ನನ್ನ ಕೈಲಿರಬೇಕು."

ಹಳೇ ಪರಿಚಯ ಅವನಿಗೆ ಬಾಯಿಪಾಠ. "ಕೆಲಸ ಕಳೆದುಕೊಂಡು, ಹನ್ನೊಂದು ತಿಂಗಳು ಹಾಸಿಗೆ ಹಿಡಿದು, ಯಾರ ಆಸರೆಯೂ ಇಲ್ಲದೆ ಎದ್ದು ನಿಂತವರು ಇವರು." ಎಂಥ ಮಾತು ನೋಡಿ! ಸಭೆಗಳಲ್ಲಿ ಇದನ್ನು ಓದಿದಾಗಲೆಲ್ಲ ಜನ ಚಪ್ಪಾಳೆ ತಟ್ಟುತ್ತಿದ್ದರು. ಅವನೂ ತಲೆ ತಗ್ಗಿಸಿ ವಿನಯ ತೋರಿಸುತ್ತಿದ್ದ. ಬಿದ್ದವರನ್ನು ಎಬ್ಬಿಸೋದು ಹೇಗೆ ಅಂತ ಇಪ್ಪತ್ತು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದ ಮನುಷ್ಯ ಈಗ ಕುರ್ಚಿಯಿಂದ ಏಳಬೇಕಾದರೂ ಮೇಜಿನ ಅಂಚು ಹಿಡಿಯುತ್ತಿದ್ದ. ಸಾಕಾಗಿಹೋಗಿತ್ತು ಅವನಿಗೆ. ಅವನದೇ ಮಾತು ಅವನಿಗೇ ಓಕರಿಕೆ ತರುತ್ತಿತ್ತು.

ಯಾಕೆ ಅಂದರೆ, ಪಕ್ಕದ ಕೋಣೆಯಲ್ಲಿ ಅಕ್ಕ ಮಲಗಿದ್ದಳು.

ಮೂವತ್ತೈದು ವರ್ಷ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯೋ ವಿಭಾಗದಲ್ಲಿ ದುಡಿದವಳು. ಮೂರು ವಾರದ ಹಿಂದೆ ನಿವೃತ್ತಿಯಾಗಿ ಬಂದು, ಚೀಲವನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ, ಗೋಡೆ ಕಡೆ ಮುಖ ಮಾಡಿ ಮಲಗಿದವಳು ಬಚ್ಚಲಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಏಳಲಿಲ್ಲ. ಡಾಕ್ಟರು ಬಂದು ನೋಡಿ, "ಮೈಗೇನೂ ಆಗಿಲ್ಲ, ಮನಸ್ಸು ಕುಸಿದಿದೆ. ಈ ವಿಷಯ ನಿಮಗೆ ನಾನು ಹೇಳಿಕೊಡಬೇಕೇ?" ಅಂತ ನಕ್ಕು ಹೋದರು. ದೀಪದ ಬುಡದಲ್ಲಿ ಕತ್ತಲೆ ಅಂತ ಅವರು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಅವನೇನು ಸುಮ್ಮನೆ ಕೂತಿರಲಿಲ್ಲ. ಆರು ಪುಸ್ತಕದ ಸರಕನ್ನೆಲ್ಲ ಅವಳ ಮುಂದೆ ಸುರಿದಿದ್ದ. "ಅಕ್ಕಾ, ಪ್ರತಿ ಬೆಳಗೂ ಒಂದು ಹೊಸ ಅವಕಾಶ," ಅಂದರೆ ಅವಳು ತಿರುಗದೆಯೇ, "ಅದನ್ನ ಟಿಕೆಟ್ ತಗೊಂಡು ಬಂದೋರಿಗೆ ಹೇಳಪ್ಪಾ. ನನ್ನ ಪಾಡಿಗೆ ನನ್ನ ಬಿಡು," ಅಂದಿದ್ದಳು.

ಅವಳು ಹಾಗೆ ಹೇಳೋದರಲ್ಲಿ ನ್ಯಾಯ ಇತ್ತು. ಇಪ್ಪತ್ತು ವರ್ಷಕ್ಕೂ ಮೊದಲು ಅವನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ. ಮುದ್ರಣಾಲಯ ಮುಚ್ಚಿತು, ಇವನು ಮಲಗಿಬಿಟ್ಟ. ಅಪ್ಪ ಅಮ್ಮ ಮೊದಲೇ ಇಲ್ಲ. ಅಕ್ಕ ಬೆಳಿಗ್ಗೆ ಆರಕ್ಕೆ ಪಾಳಿಗೆ ಹೊರಡೋ ಮುಂಚೆ ಅವನ ತಲೆದೆಸೆಯಲ್ಲಿ ಒಂದು ಲೋಟ ಹಾಲು ಇಟ್ಟು, ಅದರ ಕೆಳಗೆ ಒಂದು ಚೀಟಿ ಸಿಕ್ಕಿಸಿ ಹೋಗುತ್ತಿದ್ದಳು. ಆಸ್ಪತ್ರೆಯ ಬಟ್ಟೆ ಗಂಟಿಗೆ ಕಟ್ಟೋ ದಪ್ಪ ರಟ್ಟಿನ ಚೀಟಿ. ಮುಂದೆ ವಾರ್ಡಿನ ನಂಬರು, ಹಿಂದೆ ಅವಳ ನೀಲಿ ಪೆನ್ಸಿಲ್ಲಿನ ಅಕ್ಷರ. ಮೊದಲನೇ ದಿನದ ಚೀಟಿ ಹೀಗಿತ್ತು: "ಎದ್ದು ಕೂತರೆ ಸಾಕು. ಏಳೋದು ನಾಳೆ ನೋಡೋಣ." ಆಮೇಲೆ, "ಕಿಟಕಿ ತೆಗಿ. ಹೊರಗೆ ನೋಡಲೇಬೇಕು ಅಂತೇನಿಲ್ಲ." ಒಂದು ದಿನ ಬರೀ, "ಹಲ್ಲುಜ್ಜೋ ಮಾರಾಯ." ಹೀಗೆ ಹನ್ನೊಂದು ತಿಂಗಳು.

ಅವನು ಎದ್ದ. ಎದ್ದವನೇ ಆ ಚೀಟಿಗಳನ್ನು ಹಿಗ್ಗಿಸಿ ಹಿಗ್ಗಿಸಿ ಪುಸ್ತಕ ಮಾಡಿದ. ಪರಿಚಯದಲ್ಲಿ ಅಕ್ಕನ ವಿಷಯ ಬರೆದುಕೊಟ್ಟಾಗ ಇದೇ ಪ್ರಕಾಶಕರು, "ಅಕ್ಕ ಎಬ್ಬಿಸಿದಳು ಅಂದರೆ ಅಕ್ಕ ಇಲ್ಲದವರು ಏನು ಮಾಡಬೇಕು? ನೀವೇ ಎದ್ದಿರಿ ಅನ್ನಿ," ಅಂದರು. ಇವನು ಹೂಂ ಅಂದ. ಪಾಪ ಅಂತ ಅನ್ನಬೇಡಿ, ಅವತ್ತು ಅವನಿಗೂ ಅದು ಹಿತವಾಗಿಯೇ ಇತ್ತು.

ಮೂರು ಗಂಟೆ ಹೊತ್ತಿಗೆ ಅವನು ಹೊಸ ಪುಟ ಬರೆದು ಮುಗಿಸಿದ. ಚೀಟಿಗಳ ಕಥೆ ಒಂದೂ ಬಿಡದೆ. ಕಳಿಸೋ ಮುಂಚೆ ಅಕ್ಕನ ಮಂಚದ ಪಕ್ಕ ನಿಂತು ಗಟ್ಟಿಯಾಗಿ ಓದಿದ. ಇದನ್ನು ಕೇಳಿ ಅಕ್ಕ ತಿರುಗುತ್ತಾಳೆ, ಕಣ್ಣೊರೆಸಿಕೊಂಡು ಏಳುತ್ತಾಳೆ ಅಂತ ಅವನ ಆಸೆ.

ಅಕ್ಕ ಗೋಡೆಗೆ ಹೇಳಿದಳು: "ನಿನ್ನ ಮೊದಲನೇ ಪುಸ್ತಕ ಬಂದಾಗಲೇ ಆ ಪರಿಚಯದ ಪುಟ ಓದಿ ಮುಚ್ಚಿಟ್ಟೆ. ಯಾರ ಆಸರೆಯೂ ಇಲ್ಲದೆ, ಅಂತೆ. ಅದನ್ನ ಸಭೇಲಿ ಓದಿಸಿಕೊಳ್ಳೋಕೆ ನೀನು ಹಾಕ್ಕೊಂಡು ಹೋಗ್ತಿದ್ದ ಅಂಗಿಗೆ ಇಸ್ತ್ರಿ ಹಾಕಿದ್ದು ಯಾರೋ?"

ಇಪ್ಪತ್ತು ವರ್ಷ ಅವಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಇಸ್ತ್ರಿ ಹಾಕಿದ್ದಳು. "ತಪ್ಪಾಯ್ತು ಅಕ್ಕಾ," ಅಂದ. ಅವಳು ಹೊದಿಕೆ ಎಳೆದುಕೊಂಡಳು.

ಪುಟ ಕಳಿಸಿದ ಹತ್ತೇ ನಿಮಿಷಕ್ಕೆ ಪ್ರಕಾಶಕರ ಫೋನು. "ಏನ್ ಸ್ವಾಮಿ ಇದು! ಇಷ್ಟು ವರ್ಷ ಹೇಳಿದ್ದೆಲ್ಲ ಸುಳ್ಳು ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ?"

"ಹಾಕಿದರೆ ಇದನ್ನೇ ಹಾಕಿ. ಇಲ್ಲದಿದ್ದರೆ ಪುಸ್ತಕವೇ ಬೇಡ," ಅಂದು ಫೋನಿಟ್ಟ. ಧೈರ್ಯವೇನೂ ಅಲ್ಲ ಅದು. ವಾದ ಮಾಡೋ ತ್ರಾಣ ಇರಲಿಲ್ಲ.

ಆಮೇಲೆ ಬೀರುವಿನಿಂದ ಬಿಸ್ಕತ್ತಿನ ಡಬ್ಬಿ ಇಳಿಸಿದ. ಚೀಟಿಗಳೆಲ್ಲ ಅದರಲ್ಲಿದ್ದವು. ಹಾಲು ಬಿಸಿ ಮಾಡಿ ಲೋಟಕ್ಕೆ ಹಾಕಿದ. ಆ ಮೊದಲನೇ ದಿನದ ಚೀಟಿಯನ್ನು ಲೋಟದ ಕೆಳಗೆ ಸಿಕ್ಕಿಸಿ ಅಕ್ಕನ ತಲೆದೆಸೆಯಲ್ಲಿಟ್ಟ. ಬಂದು ತನ್ನ ಕುರ್ಚಿಯಲ್ಲಿ ಕೂತ. ಕೂತಲ್ಲೇ ಜೊಂಪು ಹತ್ತಿತು.

ಎಚ್ಚರವಾಗಿ ಹೋಗಿ ನೋಡಿದಾಗ ಅರ್ಧ ಹಾಲು ಖಾಲಿಯಾಗಿತ್ತು. ಅಕ್ಕ ಗೋಡೆ ಕಡೆಗೇ ಮಲಗಿದ್ದಳು. ಲೋಟ ಎತ್ತಿ ಚೀಟಿ ತೆಗೆದ. ಮಾಸಿದ ಹಳೇ ಸಾಲಿನ ಕೆಳಗೆ ಹೊಸದಾಗಿ, ದಪ್ಪವಾಗಿ, ನೀಲಿಯಲ್ಲಿ ಬರೆದಿತ್ತು: "ಇದು ನಂದು. ನಿಂದು ಬರಿ."

ಅವನು ಬಾಗಿಲ ಪಕ್ಕದ ಮೊಳೆ ನೋಡಿದ. ಚೀಲದ ಬಾಯಿ ತೆರೆದಿತ್ತು. ನೀಲಿ ಪೆನ್ಸಿಲ್ಲು ಇದ್ದದ್ದು ಅದರಲ್ಲಿ. ಮಂಚದಿಂದ ಅಲ್ಲಿಗೆ ಆರು ಹೆಜ್ಜೆ. ಅಲ್ಲಿಂದ ಮತ್ತೆ ಆರು.

ಪೆನ್ಸಿಲ್ಲು ಮಂಚದ ಅಂಚಿನಲ್ಲೇ ಬಿದ್ದಿತ್ತು. ಅದನ್ನೆತ್ತಿಕೊಂಡು ನೆಲದ ಮೇಲೆ ಕೂತ. ಏಳು ಪುಸ್ತಕ ಬರೆದವನಿಗೆ ಒಂದು ಸಾಲೂ ಹೊಳೆಯಲಿಲ್ಲ.

"ಏನು ಬರೀಲಿ ಅಕ್ಕಾ?"

ಹೊದಿಕೆ ಒಳಗಿಂದ ದನಿ ಬಂತು.

"ನನ್ನನ್ನ ಕೇಳಬೇಡ. ಒಂದು ಸಲ ಆದರೂ ಯಾರ ಆಸರೆಯೂ ಇಲ್ಲದೆ ಬರಿ."