ರಟ್ಟಿನೊಳಗೆ ಹೋದ ಹಾಳೆಗಳು

"ಎಷ್ಟು ಹಾಳೆ ಅಂಟಿಸಿದೀಯ? ಅದೊಂದು ಹೇಳು. ಬೇರೆ ಕತೆ ಬೇಡ."

ಡಿಗ್ನಾಳ ಕೈಯಲ್ಲಿ ಬೆರಳಗಲದ ರಟ್ಟಿನ ಚೂರಿತ್ತು. ಪುಸ್ತಕ ಕಟ್ಟುವ ಕೋಣೆಯನ್ನು ಗುಡಿಸುವಾಗ ಸಿಕ್ಕಿದ್ದು. ಅದರ ಅಂಟು ಇನ್ನೂ ಆರಿರಲಿಲ್ಲ, ಅಂಚಿನಲ್ಲಿ ಅರ್ಧ ಸಾಲು ಅಚ್ಚು ಕಾಣುತ್ತಿತ್ತು. ಕತ್ತಲಲ್ಲಿ ತೋರಿಸಿದ್ದರೂ ಅವಳು ಆ ಸಾಲನ್ನು ಗುರುತಿಸುತ್ತಿದ್ದಳು. ಅದರ ಒಂದೊಂದು ಅಕ್ಷರವನ್ನೂ ಜೋಡಿಸಿದವನು ಅವಳ ತಮ್ಮ ಯೋರಿಸ್.

ಗಂಡ ಗೊಮ್ಮಾರ್ ಪುಸ್ತಕದ ಹೊದಿಕೆಯ ತೊಗಲನ್ನು ಹೆರೆಯುವುದನ್ನು ನಿಲ್ಲಿಸಲಿಲ್ಲ. "ಮೂವತ್ತಾರು," ಎಂದ. "ಎಲ್ಲಾನೂ."

ಯೋರಿಸ್ ಬದುಕಿರಲಿಲ್ಲ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಆಂಟ್ವರ್ಪಿನ ದೊಡ್ಡ ಚೌಕದಲ್ಲಿ ಅವನನ್ನು ಕಂಬಕ್ಕೆ ಕಟ್ಟಿ ಸುಟ್ಟರು. ಅವನು ಕದ್ದು ಅಚ್ಚು ಹಾಕಿದ ಹದಿನಾರು ಪುಟದ ಪುಸ್ತಿಕೆಗಳನ್ನು ಅವನ ಕಾಲಡಿಗೇ ಸುರಿದು ಬೆಂಕಿ ಹಚ್ಚಿದರು. ಅದರಲ್ಲಿ ಮುದ್ರಕನ ಹೆಸರಿರಲಿಲ್ಲ, ಊರಿನ ಹೆಸರಿರಲಿಲ್ಲ. ಇದ್ದದ್ದು ಇಷ್ಟೇ: ದೇವರ ಕ್ಷಮೆಯನ್ನು ಯಾರೂ ಚೀಟಿ ಬರೆದು ಮಾರುವಂತಿಲ್ಲ, ದೇವರ ಮಾತನ್ನು ಮನೆಯ ಊಟದ ಮೇಜಿನಲ್ಲೂ ಓದಬಹುದು. ಇಷ್ಟಕ್ಕೆ ಒಬ್ಬ ಮನುಷ್ಯನನ್ನು ಸುಟ್ಟರು. ಮಡಚಿ ಹೊಲಿಯಲೆಂದು ಅವನು ಅಕ್ಕನಿಗೆ ಕೊಟ್ಟಿದ್ದ ಮೂವತ್ತಾರು ಹಾಳೆಗಳು ಮಾತ್ರ ಅವಳ ಹೊಲಿಗೆಯ ಮಣೆಯ ಕೆಳಗೆ ಉಳಿದಿದ್ದವು. ಒಂದು ಹಾಳೆಯೆಂದರೆ ಒಂದು ಇಡೀ ಪುಸ್ತಿಕೆ. ಬ್ರೆಡಾ ಊರಿನ ನೇಕಾರರ ಮನೆಯವರು ಅವಕ್ಕಾಗಿ ಕಾಯುತ್ತಿದ್ದರು. ಹೆರಿಂಗ್ ಮೀನಿನ ದೋಣಿಯವನೊಬ್ಬ ಈ ಮಧ್ಯಾಹ್ನ ಒಯ್ಯುವುದಾಗಿ ಒಪ್ಪಿದ್ದ.

ಗೊಮ್ಮಾರ್ ಅವನ್ನು ಒಂದರ ಮೇಲೊಂದು ಅಂಟಿಸಿ ರಟ್ಟು ಮಾಡಿದ್ದ. ಪುಸ್ತಕ ಕಟ್ಟುವವರೆಲ್ಲ ರದ್ದಿ ಕಾಗದದಲ್ಲಿ ರಟ್ಟು ಮಾಡುವುದು ಹಾಗೆಯೇ. ಆದರೆ ಯಾರ ಪುಸ್ತಕಕ್ಕೆ? ಚೌಕದಲ್ಲಿ ನಿಂತು ಯೋರಿಸನ ಅಪರಾಧಗಳನ್ನು ಗಟ್ಟಿಯಾಗಿ ಓದಿ ಹೇಳಿದ ಪಾದ್ರಿಯ ಪ್ರಾರ್ಥನಾ ಪುಸ್ತಕಕ್ಕೆ. ಚಳಿಗಾಲದ ಪ್ರಾರ್ಥನೆಗಳಿಗೊಂದು, ಬೇಸಿಗೆಯವಕ್ಕೊಂದು ಎಂದು ಅದರಲ್ಲಿ ಎರಡು ಸಂಪುಟ. ಅರ್ಧ ಹಾಳೆಗಳನ್ನು ರಟ್ಟಿನೊಳಗೆ ಹೊತ್ತು ಚಳಿಗಾಲದ್ದು ನಿನ್ನೆಯೇ ಚರ್ಚಿಗೆ ಹೋಗಿತ್ತು. ಬೇಸಿಗೆಯದರ ರಟ್ಟುಗಳು ಬೆಳಿಗ್ಗೆಯಿಂದ ಒತ್ತುಯಂತ್ರದಲ್ಲಿದ್ದವು.

ಗೊಮ್ಮಾರ್ ತನ್ನ ಸಮರ್ಥನೆ ಶುರುಮಾಡಿದ. ಎರಡು ಮನೆ ಆಚೆಗೆ ಮೊನ್ನೆ ಚರ್ಚಿನವರ ಶೋಧ ನಡೆದದ್ದು, ಹಾಸಿಗೆಯ ಹುಲ್ಲನ್ನೂ ಬಗೆದು ನೋಡಿದ್ದು, ನಾಳೆ ತಮ್ಮ ಸರದಿ ಬರಬಹುದಾದದ್ದು, ಎಲ್ಲ ಹೇಳಿದ. "ಅವರ ಪುಸ್ತಕಾನ ಅವರೇ ಹರಿದು ನೋಡ್ತಾರಾ? ನೂರು ವರ್ಷ ಕ್ಷೇಮವಾಗಿರ್ತವೆ ಅಲ್ಲಿ."

"ಯಾರು ಓದ್ತಾರೆ ಅಲ್ಲಿ? ಇಲಿಗಳಾ? ಓದಲಿ ಅಂತ ಅಚ್ಚು ಹಾಕ್ದ ಅವನು, ಅದಕ್ಕೇ ಸತ್ತ. ನೀನು ಅವನನ್ನ ಸುಟ್ಟೋನ ಪುಸ್ತಕಕ್ಕೆ ಅಟ್ಟೆ ಹೊಡೆದೆ."

"ಒಲೆಗೆ ಹಾಕಿಲ್ವಲ್ಲೇ, ಮಾರಾಯ್ತಿ."

ಡಿಗ್ನಾ ಕೈಯಲ್ಲಿದ್ದ ರಟ್ಟಿನ ಚೂರನ್ನು ನೋಡಿದಳು. ಅದು ನಿಜ. ಗೊಮ್ಮಾರ್ ಪುಕ್ಕಲ, ಅವನಿಗೆ ಒಲೆಯೇ ಸುಲಭವಾಗಿತ್ತು. ಆದರೂ ಹಾಕಿರಲಿಲ್ಲ. ಅಷ್ಟಕ್ಕೇ ಅವನು ಬಾಯಿ ಮುಚ್ಚಿಕೊಂಡಿದ್ದರೆ ಅವಳ ಸಿಟ್ಟು ಅಲ್ಲಿಗೇ ಇಳಿಯುತ್ತಿತ್ತೋ ಏನೋ.

"ರಟ್ಟಿಗೂ ಕಾಗದ ಬೇಕಿತ್ತು," ಎಂದ ಅವನು. "ಒಳ್ಳೇ ದಪ್ಪ ಕಾಗದ ಅದು. ಸುಮ್ನೆ ಯಾಕೆ ಹಾಳು ಮಾಡೋದು?"

ಅವಳು ಪೊರಕೆಯನ್ನು ಬಿಸಾಡಿ ನೇರ ಒತ್ತುಯಂತ್ರದ ಹತ್ತಿರ ಹೋದಳು. ಇಪ್ಪತ್ತು ವರ್ಷದಲ್ಲಿ ಅದರ ಹಿಡಿಯನ್ನು ಗೊಮ್ಮಾರ್ ಬಿಟ್ಟು ಯಾರೂ ಮುಟ್ಟಿರಲಿಲ್ಲ. ಎರಡೂ ಕೈಯಲ್ಲಿ ಜಗ್ಗಿ ತಿರುಗಿಸಿದಳು. ಒದ್ದೆ ರಟ್ಟುಗಳನ್ನು ಎಳೆದು, ಅಂಟು ಕಲಸಲು ಕಾಯಿಸಿದ್ದ ನೀರನ್ನು ತೊಟ್ಟಿಗೆ ಸುರಿದು, ಅದರಲ್ಲಿ ಮುಳುಗಿಸಿದಳು. ಹಿಟ್ಟಿನ ಅಂಟು ಬಿಸಿನೀರಿಗೆ ಬಿಡುತ್ತದೆ, ಎಣ್ಣೆಯಲ್ಲಿ ಕಲಸಿದ ಮಸಿ ಬಿಡುವುದಿಲ್ಲ. ಇದು ಇಬ್ಬರಿಗೂ ಗೊತ್ತಿದ್ದ ಸಂಗತಿ. ಅವಳು ಮೂಲೆ ಹಿಡಿದು ಒಂದೊಂದೇ ಹಾಳೆಯನ್ನು ಬಿಡಿಸಿದಳು, ಮಗುವಿನ ಗಾಯದ ಬಟ್ಟೆ ಬಿಚ್ಚುವ ಹಾಗೆ. ಹದಿನೆಂಟರಲ್ಲಿ ಒಂದು ಹರಿಯಿತು. ಉಳಿದವುಗಳ ಅಂಚುಗಳಲ್ಲಿ ಒಂದೆರಡು ಸಾಲು ಕತ್ತರಿಗೆ ಹೋಗಿದ್ದವು. ಮಿಕ್ಕದ್ದೆಲ್ಲ ಕಪ್ಪಾಗಿ, ಸ್ಪಷ್ಟವಾಗಿ ನಿಂತಿತ್ತು.

ಗೊಮ್ಮಾರ್ ತಡೆಯಲಿಲ್ಲ, ಸಹಾಯಕ್ಕೂ ಬರಲಿಲ್ಲ. ನಾಳೆ ಪಾದ್ರಿಯ ಆಳು ಬಂದರೆ ಏನು ಹೇಳಲಿ ಎಂದು ಮಾತ್ರ ಕೇಳಿದ.

"ರಟ್ಟು ನೆನೆದುಹೋಯ್ತು ಅನ್ನು. ಸುಳ್ಳೇನಲ್ಲ."

"ನಿನ್ನನ್ನೂ ಹಿಡೀತಾರೆ ಡಿಗ್ನಾ. ನಿನ್ನ ಜೊತೆ ನನ್ನನ್ನೂ."

"ನಿನ್ನನ್ನ ಯಾಕೆ ಹಿಡೀತಾರೆ? ಅವರ ಪುಸ್ತಕ ಎಷ್ಟು ಚೆನ್ನಾಗಿ ಕಟ್ಟಿದೀಯ."

ಹದಿನೇಳು ಹಾಳೆಗಳನ್ನು ಲಿನನ್ ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡಳು. ಬಾಗಿಲ ತನಕ ಹೋದವಳು ತಿರುಗಿ ಬಂದಳು. ಗೊಮ್ಮಾರನ ಮುಖ ಅರಳಿತು. ಅವಳು ಹೊಲಿಗೆಯ ಮಣೆಯಿಂದ ತನ್ನ ಸೂಜಿ ಮತ್ತು ಮೇಣ ಹಚ್ಚಿದ ದಾರದ ಉಂಡೆಯನ್ನು ಎತ್ತಿಕೊಂಡಳು. ಆರಿದ ಮೇಲೆ ಹಾಳೆಗಳನ್ನು ಯಾರಾದರೂ ಮಡಚಿ ಹೊಲಿಯಬೇಕಲ್ಲ. ಬ್ರೆಡಾದಲ್ಲಿ ಆ ಕೆಲಸ ಬಲ್ಲವರಿರಲಿಲ್ಲ.

ದೋಣಿಗಳ ಕಟ್ಟೆಯವರೆಗೂ ಕಂಕುಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಒಯ್ಯಬೇಕಾದದ್ದು ಇಷ್ಟೇನಾ ಎಂದು ದೋಣಿಯವನು ಕೇಳಿದ. ಇಷ್ಟು, ಮತ್ತೆ ನಾನು, ಎಂದು ಹೇಳಿ ಅವಳು ಮೀನಿನ ಬುಟ್ಟಿಗಳ ನಡುವೆ ಕುಳಿತಳು. ಗೊಮ್ಮಾರನ ಮನೆಯ ಹೊಸ್ತಿಲನ್ನು ಮತ್ತೆ ತುಳಿಯಲಿಲ್ಲ.