ಹಿಡಿಯೊಳಗಿನ ಮೊಳೆ

ಸೀಮೆಎಣ್ಣೆಯಲ್ಲಿ ಎರಡು ದಿನ ನೆನೆದ ಮೇಲೂ ಥ್ರಾಟಲ್ ಹಿಡಿ ಮಿಸುಕಲಿಲ್ಲ. ಆಂಜಿನಯ್ಯ ಅದನ್ನು ವೈಸಿನ ಕಬ್ಬಿಣದ ದವಡೆಗೆ ಕಚ್ಚಿಸಿ, ಮರದ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟುತ್ತಾ ಹೋದ. ದೋಣಿಯ ಹಿಂಬದಿಗೆ ತಗುಲಿಸುವ ಹಳೆಯ ಮೋಟಾರು ಅದು. ಸ್ಕೂಟರಿನ ಹಾಗೆ ಹಿಡಿ ತಿರುಗಿಸಿದರೆ ವೇಗ ಏರಬೇಕು, ಹಿಂದಕ್ಕೆ ತಿರುಗಿಸಿದರೆ ಇಳಿಯಬೇಕು. ಇದು ಪೂರ್ತಿ ವೇಗದ ಗುರುತಿನಲ್ಲೇ ಸಿಕ್ಕಿಕೊಂಡು ಇಪ್ಪತ್ತೊಂದು ವರ್ಷವಾಗಿತ್ತು.

ಮೋಟಾರನ್ನು ಚಾಮರಾಜಪೇಟೆಯ ಅವನ ಲೇತ್ ಅಂಗಡಿಗೆ ಆಟೋದಲ್ಲಿ ತಂದಿಳಿಸಿದವಳು ಬದರೀನಾರಾಯಣರ ಮಗಳು ತನ್ಮಯಿ. "ಅಂಕಲ್, ಅಪ್ಪನ ಅರವತ್ತರ ಶಾಂತಿಗೆ ಇದನ್ನ ರೆಡಿ ಮಾಡಿ ಕೊಡಣ ಅಂತ. ಅಟ್ಟದ ಮೇಲೆ ಗೋಣಿಯಲ್ಲಿ ಸುತ್ತಿಟ್ಟಿದ್ರು. ಅವರಿಗೆ ಹೇಳ್ಬೇಡಿ, ಸರ್‌ಪ್ರೈಸು," ಎಂದಿದ್ದಳು.

ಗೋಣಿ ಬಿಚ್ಚಿದ ಕೂಡಲೇ ಆಂಜಿನಯ್ಯನಿಗೆ ಗುರುತು ಹತ್ತಿತ್ತು. ಎಪ್ಪತ್ತೆಂಟರಲ್ಲಿ ಅವನು ಕೆರೆಯ ದೋಣಿ ಕ್ಲಬ್ಬಿನಲ್ಲಿ ಮೆಕ್ಯಾನಿಕ್, ಬದರೀನಾರಾಯಣರು ಅಲ್ಲಿಯ ಎಂಜಿನಿಯರ್. ಒಂದು ಭಾನುವಾರ ಬೆಳಿಗ್ಗೆ ಈ ಮೋಟಾರು ಕಟ್ಟಿದ್ದ ದೋಣಿ ವೇಗ ತಗ್ಗದೆ ಬಂದು ಕಲ್ಲಿನ ಮೆಟ್ಟಿಲಿಗೆ ಅಪ್ಪಳಿಸಿತು. ಹಗ್ಗ ಹಿಡಿದು ಅದರ ಮೂತಿಯಲ್ಲಿ ನಿಂತಿದ್ದ ಕ್ಲಬ್ಬಿನ ಆಳು ಮುನಿಸ್ವಾಮಿಯ ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ವಿಚಾರಣೆಗೆ ಬದರೀನಾರಾಯಣರೊಬ್ಬರೇ ಮೋಟಾರನ್ನು ಪರೀಕ್ಷಿಸಿ ವರದಿ ಕೊಟ್ಟರು: ಹಿಡಿಯನ್ನು ಕೊನೆಯ ಸಲ ಬಿಚ್ಚಿ ಜೋಡಿಸಿದವನು ಆಂಜಿನಯ್ಯ, ಪಿನ್ ಸರಿಯಾಗಿ ಕೂರಿಸಿಲ್ಲ. ಸಾರ್ ಸುಳ್ಳು ಹೇಳುವವರಲ್ಲ. ಪಿನ್ ಹೊಡೆದ ನೆನಪು ಸ್ಪಷ್ಟವಾಗಿದ್ದರೂ ಆಂಜಿನಯ್ಯ ತನ್ನ ಕೈಯ ಮೇಲೇ ಸಂಶಯಪಟ್ಟ. ಆಸ್ಪತ್ರೆಯ ವರಾಂಡದಲ್ಲಿ ಮುನಿಸ್ವಾಮಿಯ ಹೆಂಡತಿ ಮಾರಕ್ಕ "ನಿನ್ ಕೈ ಸೇದೋಗ" ಎಂದು ಶಪಿಸಿದಾಗ ತಲೆ ತಗ್ಗಿಸಿ ನಿಂತಿದ್ದ. ಕೆಲಸ ಹೋಯಿತು. ತಮ್ಮ ಸಂಬಂಧಿಕರಿಗೆ ಹೇಳಿ ಈ ಅಂಗಡಿಯ ಜಾಗ ಕೊಡಿಸಿದವರೂ ಸಾರೇ. ಅಂದಿನಿಂದ ಪ್ರತಿ ಯುಗಾದಿಗೂ ಹಣ್ಣು ಹೂವು ಹಿಡಿದು ಬಸವನಗುಡಿಗೆ ಹೋಗಿ ಅವರ ಕಾಲಿಗೆ ಬೀಳುತ್ತಿದ್ದ. ಯಾವ ಪಿನ್ ಹೊಡೆದರೂ ಮೂರು ಸಲ ಮುಟ್ಟಿ ನೋಡುವ ಚಾಳಿಯೂ ಅಂದೇ ಅಂಟಿಕೊಂಡದ್ದು.

ಮಧ್ಯಾಹ್ನದ ಹೊತ್ತಿಗೆ ಹಿಡಿ ಕಳಚಿ ಕೈಗೆ ಬಂತು. ಒಳಗಿನ ಪುಟ್ಟ ಗಿಯರನ್ನು ಸಲಾಕೆಗೆ ಕೂಡಿಸುವ ಉಕ್ಕಿನ ಪಿನ್ ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಮರಕ್ಕೆ ಹೊಡೆಯುವ ಸಾಧಾರಣ ಮೊಳೆಯೊಂದು ಬಾಗಿ, ಹಲ್ಲುಗಳ ನಡುವೆ ಸಿಕ್ಕಿಕೊಂಡಿತ್ತು. ಜಾರದಿರಲೆಂದು ಅದಕ್ಕೆ ತಾಮ್ರದ ತಂತಿ ಬಿಗಿದಿತ್ತು. ತಂತಿಯ ಹುರಿ ಎಡಕ್ಕಿತ್ತು. ಕ್ಲಬ್ಬಿನ ಶೆಡ್ಡಿನಲ್ಲಿ ಎಡಗೈಯಲ್ಲಿ ಇಕ್ಕಳ ಹಿಡಿಯುತ್ತಿದ್ದವರು ಒಬ್ಬರೇ.

ಆಂಜಿನಯ್ಯ ಲೇತ್ ನಿಲ್ಲಿಸಿ ಸ್ಟೂಲಿನ ಮೇಲೆ ಕುಳಿತ. ಊಟದ ಡಬ್ಬಿ ತೆರೆಯಲಿಲ್ಲ.

ಸಂಜೆ ಬದರೀನಾರಾಯಣರೇ ಏದುಸಿರು ಬಿಡುತ್ತಾ ಬಂದರು. ಮಗಳು ತಡೆಯಲಾರದೆ ಬಾಯಿಬಿಟ್ಟಿದ್ದಳು. "ಆಂಜಿನಯ್ಯ, ಅದನ್ನ ಬಿಚ್ಚೋಕೆ ಹೋಗ್ಬೇಡ. ಹಂಗೇ ವಾಪಸ್ ಕೊಟ್ಬಿಡು," ಎನ್ನುತ್ತಲೇ ಒಳಗೆ ಕಾಲಿಟ್ಟವರು, ಬೆಂಚಿನ ಮೇಲೆ ಹಾಸಿದ್ದ ಬಟ್ಟೆಯನ್ನೂ ಅದರ ಮೇಲಿದ್ದ ಮೊಳೆಯನ್ನೂ ನೋಡಿ ನಿಂತುಬಿಟ್ಟರು.

"ಯಾವಾಗ ಸಾರ್ ಹಾಕಿದ್ದು?"

"ಹಿಂದಿನ ದಿನ, ಶನಿವಾರ ಸಂಜೆ. ನಮ್ಮ ಭಾವಮೈದುನ ಬಂದಿದ್ದ, ಒಂದು ರೌಂಡ್ ಅಂತ ಹೋದ್ವಿ. ನಡುನೀರಲ್ಲಿ ಪಿನ್ ಮುರೀತು. ದಡ ಸೇರಿ ಇದನ್ನ ಹಾಕಿದೆ. ಬೆಳಿಗ್ಗೆ ನಿಂಗೆ ಹೇಳಿ ಸರಿ ಮಾಡಿಸೋಣ ಅಂದ್ಕೊಂಡಿದ್ದೆ. ನಾನು ಬರೋದ್ರೊಳಗೆ ಬೋಟ್ ಹೊರಟುಬಿಟ್ಟಿತ್ತು."

"ಆಮೇಲೆ?"

"ಆಮೇಲೆ ಹೇಳೋಕೆ ಆಗ್ಲಿಲ್ಲಪ್ಪ. ಮೋಟಾರು ಬೇರೆಯವರ ಕೈಗೆ ಹೋಗದಿರಲಿ ಅಂತ ಕ್ಲಬ್ಬಿನ ಹರಾಜಲ್ಲಿ ನಾನೇ ತಗೊಂಡೆ."

ಆಂಜಿನಯ್ಯ ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿದ. "ನೀವು ಒಂದು ಮಾತು ಕೇಳಿದ್ರೆ ನಾನೇ ಒಪ್ಕೊಂಡ್ಬಿಡ್ತಿದ್ದೆ ಸಾರ್, ನಿಮಗೋಸ್ಕರ. ತಪ್ಪು ನಂದಲ್ಲ ಅಂತ ನನಗೊಬ್ಬನಿಗಾದ್ರೂ ಗೊತ್ತಿರ್ತಿತ್ತು."

ಬದರೀನಾರಾಯಣರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ನಾಳೆ ಮುನಿಸ್ವಾಮಿ ಮನೆಗೆ ಹೋಗ್ತೀನಿ," ಎಂದ ಆಂಜಿನಯ್ಯ.

"ಬೇಡ. ಅಲ್ಲಿಗೆ ಮಾತ್ರ ಹೋಗ್ಬೇಡ," ಎಂದರು ಅವರು ತಟ್ಟನೆ. ಆ ದನಿಯಲ್ಲಿದ್ದದ್ದು ಮುನಿಸ್ವಾಮಿಗೆ ತಿಳಿದೀತೆಂಬ ಹೆದರಿಕೆ ಎಂದೇ ಆಂಜಿನಯ್ಯ ತಿಳಿದ.

ಮರುದಿನ ಅವನು ಉಕ್ಕಿನ ಸರಳಿನಿಂದ ಹೊಸ ಪಿನ್ ಕಡೆದು ಹೊಡೆದ. ಮುಟ್ಟಿ ನೋಡಲು ಹೋದ ಬೆರಳನ್ನು ಹಿಂದಕ್ಕೆಳೆದುಕೊಂಡ. ಹಿಡಿ ಬೆಣ್ಣೆಯ ಹಾಗೆ ತಿರುಗಿತು. ತನ್ಮಯಿಗೆ ಫೋನ್ ಮಾಡಿ, ರೆಡಿಯಾಗಿದೆ, ಬಂದು ತಗೊಂಡು ಹೋಗಮ್ಮ ಎಂದಷ್ಟೇ ಹೇಳಿದ. ಅವಳು ಬಂದು ಒಯ್ದ ಮೇಲೆ, ಬಟ್ಟೆ ಬದಲಿಸಿ ಶೇಷಾದ್ರಿಪುರಂ ಬಸ್ಸು ಹತ್ತಿದ.

ರೈಲ್ವೆ ಹಳಿಯ ಮಗ್ಗುಲಿನ ಆ ಬೀದಿಗೆ ಅವನು ಇಪ್ಪತ್ತೊಂದು ವರ್ಷದಿಂದ ಕಾಲಿಟ್ಟಿರಲಿಲ್ಲ. ಬಾಗಿಲು ತೆಗೆದ ಮಾರಕ್ಕನ ತಲೆ ಪೂರ್ತಿ ನರೆತಿತ್ತು. ಅವನನ್ನು ಗುರುತಿಸಿ ಪಕ್ಕಕ್ಕೆ ಸರಿದಳು. ಮುನಿಸ್ವಾಮಿ ಮಂಚದ ಮೇಲೆ ಕುಳಿತು ರೇಡಿಯೋ ಕೇಳುತ್ತಿದ್ದ. ಆಂಜಿನಯ್ಯ ನಿಂತೇ ಎಲ್ಲವನ್ನೂ ಹೇಳಿದ: ಮೊಳೆ, ತಂತಿ, ಶನಿವಾರದ ಸಂಜೆ.

ಮುನಿಸ್ವಾಮಿ ರೇಡಿಯೋ ಆರಿಸಿದ. "ಗೊತ್ತು ಆಂಜಿನಯ್ಯ."

"ಏನು ಗೊತ್ತು?"

"ಎಲ್ಲಾನೂ. ಹದಿನೈದು ವರ್ಷ ಆಯ್ತು. ಸಾರೇ ಬಂದು ಇಲ್ಲೇ ಕೂತು ಅತ್ರು. ನಮ್ ಹುಡುಗಿಗೆ ಕೆಲಸ ಕೊಡ್ಸಿದ್ರು. ಆ ಕೆಲಸದಲ್ಲೇ ಈ ಮನೆ ನಡೀತಿರೋದು. ಬಾಯಿ ಬಿಡ್ಬೇಡಿ ಅಂದ್ರು."

"ಊರಿಗೆ ಹೇಳೋದು ಬೇಡ. ನಂಗೊಬ್ಬನಿಗೆ ಹೇಳ್ಬೋದಿತ್ತಲ್ಲ."

ಮುನಿಸ್ವಾಮಿ ಹೊದಿಕೆಯ ಅಂಚನ್ನು ಎಳೆದು ಸರಿಮಾಡಿಕೊಂಡ. "ನಿಂಗೇ ಹೇಳ್ಬೇಡಿ ಅಂತ ಅವ್ರು ಅಂದಿದ್ದು."

ಆಂಜಿನಯ್ಯ ಮಾರಕ್ಕನ ಕಡೆ ತಿರುಗಿದ. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಅಡಿಗೆಮನೆಗೆ ಹೋದಳು. ಪಾತ್ರೆಯ ಸದ್ದು ಬಹಳ ಹೊತ್ತು ಕೇಳಿಸಿತು. ಆಮೇಲೆ ಅವಳು ಒಂದು ಲೋಟ ಕಾಫಿ ತಂದು ಅವನ ಮುಂದಿನ ಸ್ಟೂಲಿನ ಮೇಲಿಟ್ಟು ಗೋಡೆಗೊರಗಿ ಕುಳಿತಳು. ಹೊರಗೆ ಗೂಡ್ಸ್ ರೈಲೊಂದು ನಿಧಾನವಾಗಿ ಹಾದುಹೋಗುತ್ತಿತ್ತು. ಅದು ಪೂರ್ತಿ ದಾಟುವವರೆಗೂ, ದಾಟಿದ ಮೇಲೂ, ಕಾಫಿಯ ಮೇಲೆ ಕೆನೆ ಕಟ್ಟುವುದನ್ನು ಮೂವರೂ ನೋಡುತ್ತಿದ್ದರು.