ಎಡಗಡೆಯ ಸೀಸೆ

ಬುಧವಾರ ಮಧ್ಯಾಹ್ನ ವೆಂಡಲ್ ಕ್ರೇಮರ್ ನಮ್ಮ ಕುದುರೆ ಸರಂಜಾಮಿನ ಅಂಗಡಿಗೆ ಬಂದರು. ಬೂಟಿನ ಹಿಮವನ್ನು ಬಾಗಿಲಲ್ಲೇ ಒದರಿ, ಕರವಸ್ತ್ರದಲ್ಲಿ ಸುತ್ತಿ ತಂದದ್ದನ್ನು ತಾತನ ಮುಂದೆ ಬಿಚ್ಚಿಟ್ಟರು. ಸಾಸರಿನಷ್ಟಗಲದ ಚರ್ಮದ ಬಳೆ, ಅಂಚು ಮೇಲಕ್ಕೆ ಮಡಚಿತ್ತು. ಒಣಗಿ ಹಪ್ಪಳದಂತಾಗಿತ್ತು.

“ಮರ್ಲ್ ಹೋಗ್ಬಿಟ್ಟ, ಫ್ರೀಮನ್. ಶುಕ್ರವಾರ ಮಣ್ಣು.”

ತಾತ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟರು. ಮರ್ಲ್ ವೆಂಡಲ್ಲರ ಅಣ್ಣ. ಕೊರಿಯಾ ಯುದ್ಧದಿಂದ ಬಂದ ವರ್ಷ ಉದ್ದನೆಯ ಹಸಿರು ಕಾರು ಕೊಂಡಿದ್ದರು. ನಾವು ಆಮಿಶ್ ಜನ, ಹಳೆಯ ಪದ್ಧತಿಯ ಕ್ರೈಸ್ತರು, ಕಾರು ಇಟ್ಟುಕೊಳ್ಳುವುದಿಲ್ಲ, ಆದರೆ ಕಷ್ಟ ಬಂದಾಗ ಇಂಗ್ಲಿಷರ ಕಾರು ಹತ್ತುತ್ತೇವೆ. ನಮ್ಮವರಲ್ಲದವರೆಲ್ಲ ನಮಗೆ ಇಂಗ್ಲಿಷರೇ. ನನ್ನ ಅಜ್ಜಿ ಕೊನೆಯ ಸಲ ಆಸ್ಪತ್ರೆಗೆ ಹೋದದ್ದು ಆ ಹಸಿರು ಕಾರಿನ ಹಿಂದಿನ ಸೀಟಿನಲ್ಲಿ.

“ಶವದ ಗಾಡಿ ಹಿಂದೆ ಅವನ ಕಾರೇ ಹೋಗ್ಬೇಕು ಅಂತ ನನ್ನಾಸೆ. ಅತ್ತಿಗೆ ಕೂತ್ಕೋತಾಳೆ, ಮೊಮ್ಮಕ್ಕಳಿಬ್ರೂ ಕೂತ್ಕೋತಾರೆ. ಆದ್ರೆ ಹನ್ನೊಂದು ವರ್ಷದಿಂದ ಕೊಟ್ಟಿಗೇಲಿ ನಿಂತಿದೆ. ಬ್ರೇಕ್ ತುಳಿದ್ರೆ ಬುಸ್ ಅನ್ನತ್ತೆ, ಹಿಡಿಯಲ್ಲ. ಬ್ರೇಕಿಗೆ ಬಲ ಕೊಡೋ ಬೂಸ್ಟರ್ ಒಳಗಿನ ಈ ಚರ್ಮ ಒಣಗಿದೆ. ಕಾಲೆಲುಬಿನ ಎಣ್ಣೆ ಕೊಡು. ಅಪ್ಪಟದ್ದು! ಬೆರಕೆ ಬೇಡ. ಪಕ್ಕದಲ್ಲೇ ರಬ್ಬರ್ ಇದೆ, ಯಂತ್ರದ ಎಣ್ಣೆ ತಾಗಿದ್ರೆ ಊದ್ಕೊಂಡು ಬ್ರೇಕೇ ಕೈಕೊಡತ್ತೆ.”

“ತೊಗಲಿನ ಪಾಠ ನಂಗೇ ಹೇಳ್ಕೊಡ್ತೀಯಾ?”

“ನಿಂಗಲ್ಲಪ್ಪ, ನಿನ್ನ ಸೀಸೆಗಳಿಗೆ. ಒಂದಕ್ಕಾದ್ರೂ ಚೀಟಿ ಇದ್ಯಾ?”

“ಮೂಗು ಇಲ್ಲದೋರಿಗೆ ಚೀಟಿ.”

ಅದು ತಾತನ ಹಳೆಯ ಮಾತು. ಕುದುರೆ ಸರಂಜಾಮಿಗೆ ಹಚ್ಚುವ ಎಣ್ಣೆ ನಮ್ಮಲ್ಲಿ ಎರಡು ಬಗೆ. ಒಂದು ದನದ ಕಾಲೆಲುಬು ಬೇಯಿಸಿ ತೆಗೆದ ಅಪ್ಪಟ ಎಣ್ಣೆ. ಇನ್ನೊಂದು ಅದಕ್ಕೇ ಯಂತ್ರದ ಎಣ್ಣೆ ಬೆರೆಸಿದ್ದು, ನೇಗಿಲಿನ ಕುದುರೆಗಳ ಪಟ್ಟಿಗಳಿಗೆ. ಎರಡೂ ಒಂದೇ ತರಹದ ಕಂದು ಸೀಸೆಗಳಲ್ಲಿ ಒಂದೇ ಹಲಗೆಯ ಮೇಲೆ ಇರುತ್ತಿದ್ದವು. ತಾತ ಎಡಗಡೆಯ ಸೀಸೆ ಎತ್ತಿ, ಬಿರಡೆ ತೆಗೆದು, ಮೂಗಿನ ಹತ್ತಿರ ಹಿಡಿದು, ತಲೆಯಾಡಿಸಿ, ಲಾಳಿಕೆಯಿಟ್ಟು ಸಣ್ಣ ಸೀಸೆಯೊಂದಕ್ಕೆ ಸುರಿದು ಕೊಟ್ಟರು.

ನಾನು ಕಿಟಕಿಯ ಬಳಿ ಹೊಲಿಯುತ್ತಿದ್ದೆ. ಅಲ್ಲಿಗೇ ವಾಸನೆ ಬಂತು. ಅದು ಮೂಳೆಯ ಸಾರಿನ ವಾಸನೆಯಲ್ಲ. ಲಾಂದ್ರದ ಬತ್ತಿಯ ವಾಸನೆ, ಬೆರಕೆ ಎಣ್ಣೆಯದು.

ನಾನು ಹೊಲಿಗೆಯ ಮೇಲೆ ತಲೆ ಬಗ್ಗಿಸಿದೆ. ಎಂಟನೆಯ ತರಗತಿ ಮುಗಿಸಿ ಶಾಲೆ ಬಿಟ್ಟವಳು ನಾನು; ತೊಗಲಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ತಾತ ಕಲಿಸಿದ್ದು. ಹಿರಿಯರು ತೂಗಿ ಆಡಿದ ಮಾತನ್ನು ಹೊರಗಿನವರ ಎದುರು ತಿದ್ದುವ ಹೆಣ್ಣನ್ನು ನಮ್ಮ ಸಭೆಯಲ್ಲಿ ನಾನು ಕಂಡಿಲ್ಲ. ವೆಂಡಲ್ ಆ ಸಣ್ಣ ಸೀಸೆಯನ್ನು ಕೋಟಿನೊಳಗೆ ಇಟ್ಟುಕೊಂಡು ಹೊರಟುಹೋದರು.

ಆಮೇಲೆ ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು. ಹಿಮ ಬೀಳುವ ಮೊದಲು, ಸುಗ್ಗಿಯ ಹೊತ್ತಿಗೆ, ಮನೆಯವರಿಗೆಲ್ಲ ಜ್ವರ ಬಂದಿತ್ತು. ಅದಾದ ಮೇಲೆ ಒಂದು ಬೆಳಿಗ್ಗೆ ಒಲೆಯ ಮೇಲೆ ಮಾಂಸ ಸೀದು ಹೊಗೆಯೆದ್ದರೂ, ಬೆನ್ನು ಹಾಕಿ ಬೈಬಲ್ ಓದುತ್ತಿದ್ದ ತಾತ ತಲೆಯೆತ್ತಿರಲಿಲ್ಲ. ಅಂದಿನಿಂದ ನಾನು ನೋಡುತ್ತಲೇ ಇದ್ದೆ. ಕಾಫಿಗೆ ಅವರು ಮೂಗು ಅರಳಿಸುತ್ತಿರಲಿಲ್ಲ. ಸೀಸೆಯನ್ನು ಮಾತ್ರ ಮೊದಲಿನಂತೆಯೇ ಮೂಗಿಗೆ ಹಿಡಿಯುತ್ತಿದ್ದರು.

ನನ್ನ ಮೂಗನ್ನೇ ನಂಬುವುದು ಹೇಗೆ? ತಾತನೇ ಕಲಿಸಿದ ಇನ್ನೊಂದು ಉಪಾಯವಿತ್ತು. ಸಂಜೆ ಎರಡು ಬಸಿಗಳಲ್ಲಿ ಎರಡೂ ಎಣ್ಣೆ ಹನಿಸಿ ಕಿಟಕಿಯ ಹೊರಗಿನ ಕಟ್ಟೆಯ ಮೇಲಿಟ್ಟೆ. ಒಂದು ವೆಂಡಲ್ಲರಿಗೆ ಸುರಿದ ಲಾಳಿಕೆಯಲ್ಲಿ ಉಳಿದಿದ್ದ ಎಣ್ಣೆ, ಇನ್ನೊಂದು ಬಲಗಡೆಯ ಸೀಸೆಯದು.

ಗುರುವಾರ ಬೆಳಕು ಹರಿಯುವಾಗ ಒಂದು ಬಸಿ ಬೆಣ್ಣೆಯಂತೆ ಹೆಪ್ಪುಗಟ್ಟಿತ್ತು. ಇನ್ನೊಂದು ಓರೆ ಮಾಡಿದರೆ ಹರಿಯುತ್ತಿತ್ತು. ಅಪ್ಪಟ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ಬೆರಕೆಯದು ಆಗುವುದಿಲ್ಲ.

ಎರಡನ್ನೂ ತಾತನ ಕಾಫಿಯ ಪಕ್ಕ ಇಟ್ಟೆ. ಹರಿಯುವುದನ್ನು ತೋರಿಸಿ, “ಇದು ವೆಂಡಲ್ ಅವರಿಗೆ ಹೋಗಿರೋದು,” ಎಂದೆ.

ತಾತ ಎರಡು ಬಸಿಯನ್ನೂ ಓರೆ ಮಾಡಿ ನೋಡಿದರು.

“ಎಷ್ಟು ದಿನದಿಂದ ಗೊತ್ತು ನಿಂಗೆ, ಓರ್ಫಾ?”

“ಜ್ವರ ಬಂದಾಗಿಂದ.”

“ಹೇಳಲಿಲ್ಲ.”

“ನೀವೂ ಹೇಳಲಿಲ್ಲ, ತಾತ.”

ಅವರು ಕಾಫಿ ಮುಟ್ಟದೆ ಎದ್ದು ಗಾಡಿಗೆ ಕುದುರೆ ಕಟ್ಟಿದರು. ವೆಂಡಲ್ಲರ ಮನೆಗೆ ಐದು ಮೈಲಿ. ಹಲಗೆಯ ಮೇಲಿದ್ದ ಎರಡು ಸೀಸೆಯನ್ನೂ ತಾತ ನನ್ನ ಮಡಿಲಲ್ಲಿ ಇಟ್ಟಿದ್ದರು.

ಕೊಟ್ಟಿಗೆಯಲ್ಲಿ ಹಸಿರು ಕಾರಿನ ಕೆಳಗಿನಿಂದ ವೆಂಡಲ್ಲರ ಕಾಲುಗಳು ಕಾಣುತ್ತಿದ್ದವು. ಬೂಸ್ಟರ್ ಇನ್ನೂ ಬೆಂಚಿನ ಮೇಲಿತ್ತು. ಎಣ್ಣೆ ಕುಡಿದ ಚರ್ಮವನ್ನು ಅದರೊಳಗೆ ಕೂರಿಸಿಯಾಗಿತ್ತು.

“ಬಿಚ್ಚು ಅದನ್ನ,” ಎಂದರು ತಾತ.

“ಯಾಕೆ, ಹೊಲಿಗೆ ಹಾಕೋದು ಮರೆತ್ಯಾ?” ವೆಂಡಲ್ ನಗುತ್ತಾ ಹೊರಗೆ ಬಂದರು. ತಾತನ ಮುಖ ನೋಡಿ ನಗು ನಿಂತಿತು.

ತಾತ ಟೋಪಿ ತೆಗೆದರು. ನಮ್ಮವರು ಸಭೆಯಲ್ಲಿ ಮೊಣಕಾಲೂರಿ ಹೇಳುವ ಒಂದು ಮಾತಿದೆ. ಅದನ್ನು ಇಂಗ್ಲಿಷರ ಎದುರು ಯಾರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ತಾತ ಅದನ್ನು ಮೊದಲು ನಮ್ಮ ಭಾಷೆಯಲ್ಲಿ, ಆಮೇಲೆ ಅವರ ಭಾಷೆಯಲ್ಲಿ ಹೇಳಿದರು. “ನಾನು ತಪ್ಪಿ ನಡೆದೆ. ನಂಗೆ ವಾಸನೆ ಹೋಗಿ ನಾಲ್ಕು ತಿಂಗಳಾಯ್ತು. ಯಾವ್ದು ಅಂತ ಗೊತ್ತಾಗ್ದಿದ್ರೂ ಗೊತ್ತಿದ್ದೋನ ಹಾಗೆ ಸೀಸೆ ಕೊಟ್ಟೆ. ಅದರಲ್ಲಿ ಬೆರಕೆ ಇದೆ.”

ವೆಂಡಲ್ ಬೆಂಚಿಗೆ ಒರಗಿದರು. “ಮಕ್ಕಳು ಕೂತ್ಕೋತಾರೆ ಅಂದಿದ್ನಲ್ಲೋ, ಫ್ರೀಮನ್.”

“ಹೌದು.”



ವೆಂಡಲ್ ಎದ್ದು, ಮರ್ಲ್ ಬಿಡಿಭಾಗ ಕೂಡಿಡುತ್ತಿದ್ದ ತಗಡಿನ ಡಬ್ಬ ಇಳಿಸಿದರು. ತಳದಲ್ಲಿ ಮೇಣಗಾಗದ ಸುತ್ತಿದ ಇನ್ನೊಂದು ಚರ್ಮವಿತ್ತು. ಎಂದೂ ಬಳಸದ್ದು, ಒಣಗಿತ್ತು, ಬಿರಿದಿರಲಿಲ್ಲ. ಬೂಸ್ಟರನ್ನು ಬಿಚ್ಚಿ, ಒಳಗಿನ ಎಣ್ಣೆಯನ್ನು ಬಟ್ಟೆಯಿಂದ ಮೂರು ಸಲ ಒರೆಸಿ, ಅವರು ಕೈ ಚಾಚಿದರು. “ಸರಿ. ಯಾವ ಸೀಸೆ?”

ತಾತ ನನ್ನತ್ತ ತಿರುಗಿದರು. “ಅವಳನ್ನ ಕೇಳು.”

ನನ್ನ ಕಿವಿ ಬಿಸಿಯಾಯಿತು. ಎರಡು ಬಿರಡೆಯನ್ನೂ ತೆಗೆದು ಮೂಸಿದೆ. ಒಮ್ಮೆಗೇ ಗೊತ್ತಾಯಿತು, ಆದರೂ ಇನ್ನೊಮ್ಮೆ ಮೂಸಿದೆ. “ಇದು,” ಎಂದೆ. ಅಂಗೈಯಲ್ಲಿ ಎಣ್ಣೆ ಬೆಚ್ಚಗೆ ಮಾಡಿ ಚರ್ಮಕ್ಕೆ ತಿಕ್ಕುತ್ತಾ ಕೂತೆ. ಮಧ್ಯಾಹ್ನದ ಹೊತ್ತಿಗೆ ಅಂಚು ಕಿವಿಯ ಹಾಲೆಯಂತೆ ಮೆದುವಾಯಿತು.

ಶುಕ್ರವಾರ ಶವದ ಗಾಡಿ ನಮ್ಮ ಅಂಗಡಿಯ ಮುಂದಿನ ದಾರಿಯಲ್ಲೇ ಬಂತು. ಅದರ ಹಿಂದೆ ಹಸಿರು ಕಾರು. ಅಡ್ಡರಸ್ತೆಗೆ ಅಲ್ಲಿಂದ ಇಳಿಜಾರು, ಮೇಲೆಲ್ಲ ಹಿಮ. ತಾತ ಕಿಟಕಿಗೆ ಬೆನ್ನು ಹಾಕಿ ಪಟ್ಟಿ ಕೊಯ್ಯಲು ಕೂತಿದ್ದರು. ಉಳಿ ಚಲಿಸುತ್ತಿರಲಿಲ್ಲ.

“ನಿಂತ್ತಾ?” ಎಂದರು.

ಅಡ್ಡರಸ್ತೆಯ ಬಳಿ ಕಾರಿನ ಬ್ರೇಕಿನ ಕೆಂಪು ದೀಪ ಹತ್ತಿತು. ಹಿಂದಿನ ಕಿಟಕಿಯಲ್ಲಿ ಎರಡು ಪುಟ್ಟ ಟೋಪಿಗಳು ಒಂದಿಷ್ಟು ಮುಂದಕ್ಕೆ ಬಾಗಿ ಮತ್ತೆ ನೆಟ್ಟಗಾದವು.

“ನಿಂತ್ತು, ತಾತ.”